ನಲವತ್ತು ಬೆಳ್ಳಕ್ಕಿ ಮತ್ತು ಕಲ್ಲಣ್ಣನ ಭುಜ

ಬೆಟಗೇರಿಯ ನೇಕಾರ ಕಲ್ಲಣ್ಣನ ಬಲಭುಜ ಹಿಡಿದುಕೊಂಡದ್ದು ಯಾವಾಗ ಎಂಬ ಬಗ್ಗೆ ಓಣಿಯಲ್ಲಿ ಎರಡು ಅಭಿಪ್ರಾಯಗಳಿದ್ದವು. ಗೂಟಕ್ಕೆ ಹಾಕಿದ್ದ ಅಂಗಿ ತೆಗೆಯಲು ಹೋಗಿ ಕೈ ಅರ್ಧದಾರಿಯಲ್ಲೇ ನಿಂತ ದಿನ ಎಂದು ಹೆಂಡತಿ ಬನಶಂಕರೆವ್ವ ಹೇಳುತ್ತಿದ್ದಳು. ಅದಕ್ಕೂ ತಿಂಗಳು ಮೊದಲೇ, ಅವನು ಸಲಾಮಿಗೆ ಎಡಗೈ ಎತ್ತಿದ ದಿನ ಎಂದು ಪಕ್ಕದ ಮನೆಯ, ಗಾದಿ ಹೊಲಿಯುವ ರಹಮಾನಸಾಬ ಹೇಳುತ್ತಿದ್ದ. ಸ್ವತಃ ಕಲ್ಲಣ್ಣನ ಪ್ರಕಾರ ಭುಜಕ್ಕೆ ಏನೂ ಆಗಿರಲಿಲ್ಲ.

"ಸ್ವಲ್ಪ ವಿಚಾರ ಮಾಡಾಕತ್ತೈತಿ, ಅಷ್ಟ," ಎನ್ನುತ್ತಿದ್ದ.

ಭುಜ ವಿಚಾರ ಮಾಡುತ್ತ ಕುಳಿತರೆ ಉಳಿದ ದಿನಗಳಲ್ಲಿ ಯಾರೂ ಬೇಡ ಎನ್ನುತ್ತಿರಲಿಲ್ಲ. ಆದರೆ ಮಗ್ಗದ ಮೇಲೆ ಒಂದು ಹಸಿರು ಸೀರೆ ಇತ್ತು. ಮುಂಡರಗಿಗೆ ಕೊಟ್ಟ ಮಗಳು ಕಲ್ಪನಾಗೆ ಏಳನೇ ತಿಂಗಳು. ಇಪ್ಪತ್ನಾಲ್ಕು ದಿನಕ್ಕೆ ಕುಬಸ. ತವರಿನವರು ಹಸಿರು ಸೀರೆ ಒಯ್ದು ಉಡಿಸಬೇಕು. ಅಂಗಡಿಯಲ್ಲಿ ಕೊಂಡು ಒಯ್ಯಬಹುದಿತ್ತು. ಆದರೆ ಮದುವೆಯ ದಿನವೇ, ನೂರಾರು ಮಂದಿಯ ಎದುರು, ಕೈಯಲ್ಲಿ ಮೈಕು ಇಲ್ಲದಿದ್ದರೂ ಇದ್ದವನಂತೆ ನಿಂತು, "ನನ್ನ ಮಗಳ ಕುಬಸಕ್ಕ ನನ್ನ ಕೈಯಾಗಿನ ಸೀರಿ" ಎಂದು ಕಲ್ಲಣ್ಣ ಸಾರಿಬಿಟ್ಟಿದ್ದ. ಸೀರೆಯಲ್ಲಿ ಇನ್ನೂ ಎರಡು ಗಜ ಬಾಕಿ ಇತ್ತು.

ಬೇರೆಯವರು ಕೂತು ನೇಯ್ದು ಮುಗಿಸಬಹುದಿತ್ತಲ್ಲ ಎಂದರೆ, ಅದು ಆಗದ ಮಾತು. ಎಳೆಯನ್ನು ಬಿಗಿಸುವ ಹೊಡೆತ ಒಬ್ಬೊಬ್ಬ ನೇಕಾರನದು ಒಂದೊಂದು ಥರ. ಕೈ ಬದಲಾದ ಜಾಗದಲ್ಲಿ ಬಟ್ಟೆಯಲ್ಲಿ ಒಂದು ಗೆರೆ ಮೂಡುತ್ತದೆ. ಕಣ್ಣಿಗೆ ಕಾಣದಿದ್ದರೆ ಬೆರಳಿಗೆ ಸಿಗುತ್ತದೆ. ಕಲ್ಲಣ್ಣನ ಹೊಡೆತವಂತೂ ಓಣಿಗೇ ಹೆಸರು. ಅವನು ನೇಯ್ದ ಸೀರೆಯಲ್ಲಿ ನೀರು ಹಿಡಿದರೂ ಸೋರುವುದಿಲ್ಲ ಎಂದು ಮಂದಿ ಹೇಳುತ್ತಿದ್ದರು. ಯಾರೂ ಹಿಡಿದು ನೋಡಿರಲಿಲ್ಲ, ಕಲ್ಲಣ್ಣ ನೋಡಗೊಟ್ಟಿರಲಿಲ್ಲ.

ಕೊನೆಗೆ ಬನಶಂಕರೆವ್ವ ಅವನನ್ನು ಗದಗಿನ ದವಾಖಾನೆಗೆ ಎಳೆದುಕೊಂಡು ಹೋದಳು. ಅಲ್ಲಿ ರೋಜಾ ಎಂಬ ಹುಡುಗಿ ಕೈಕಾಲುಗಳ ವ್ಯಾಯಾಮ ಮಾಡಿಸುತ್ತಿದ್ದಳು. ಅವಳು ಭುಜವನ್ನು ಅತ್ತಿತ್ತ ತಿರುಗಿಸಿ, ಕಲ್ಲಣ್ಣನ ಬಾಯಿಂದ ಶಿವನ ನಾಲ್ಕೈದು ಹೆಸರು ಹೊರಡಿಸಿ, ನಂತರ ಕಪಾಟಿನಿಂದ ಒಂದು ದೊಡ್ಡ ಕಪ್ಪು ಕನ್ನಡಕ ತೆಗೆದಳು. ಬೆಸುಗೆ ಹಾಕುವವರು ಮುಖಕ್ಕೆ ಹಿಡಿಯುತ್ತಾರಲ್ಲ, ಹಾಗಿತ್ತು.

"ಕಾಕಾ, ಇದನ್ನ ಹಾಕ್ಕೊಂಡ್ರ ಖೋಲಿನೂ ಕಾಣತೈತಿ, ಖೋಲಿಯೊಳಗ ಇಲ್ಲದ್ದೂ ಕಾಣತೈತಿ."

"ಇಲ್ಲದ್ದು ಯಾಕ ಬೇಕವ್ವಾ? ಇದ್ದದ್ದ ನೋಡಿ ಮುಗಿದಿಲ್ಲ," ಎಂದ ಕಲ್ಲಣ್ಣ.

ಹಾಕಿಕೊಂಡು ಸುತ್ತ ನೋಡಿದ. ಖೋಲಿ ಅದೇ, ಗೋಡೆ ಅದೇ, ಮೂಲೆಯ ತೂಕದ ಮಷಿನ್ನೂ ಅದೇ. ಆದರೆ ಎಲ್ಲೆಲ್ಲೂ ಬೆಳ್ಳಕ್ಕಿಗಳು ಬಂದು ಕೂತಿದ್ದವು. ಕಪಾಟಿನ ಮೇಲೆ ಒಂದು, ಕಿಟಕಿಯ ಸರಳಿಗೆ ಎರಡು, ಏನೂ ಇಲ್ಲದ ಗಾಳಿಯ ಮೇಲೆ ಐದಾರು. ಕೆರೆಯ ಅಂಚಿನಲ್ಲಿ ನಿಂತಂತೆ ಒಂದು ಕಾಲು ಮಡಚಿ, ಕುತ್ತಿಗೆ ಒಳಗೆಳೆದುಕೊಂಡು, ಕಲ್ಲಣ್ಣನನ್ನೇ ನೋಡುತ್ತಿದ್ದವು.

"ಏ, ಅಲಗ್ಯಾಡಬ್ಯಾಡ," ಎಂದು ಹೆಂಡತಿಗೆ ಪಿಸುಗುಟ್ಟಿದ. "ನಿನ್ನ ತಲಿ ಮ್ಯಾಲ ಒಂದು ಕುಂತೈತಿ."

"ಮದುವಿಯಾಗಿ ಮೂವತ್ತು ವರ್ಷ ಆತು," ಎಂದು ಬನಶಂಕರೆವ್ವ ರೋಜಾಗೆ ಹೇಳಿದಳು. "ನನ್ನ ತಲಿ ಮ್ಯಾಲ ಏನು ಕುಂತೈತಿ ಅಂತ ಇವರು ನೋಡಿದ್ದು ಇದ ಮೊದಲು."

ಕೈ ಎತ್ತಿ ಮುಟ್ಟಿದರೆ ಹಕ್ಕಿ ಹಾರುತ್ತದೆ, ಅದೇ ವ್ಯಾಯಾಮ ಎಂದಳು ರೋಜಾ. ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ನಿಲ್ಲಿಸಿದ ಒಂದು ಮೊಬೈಲನ್ನೂ ತೋರಿಸಿದಳು. "ಇದು ನಿಮ್ಮನ್ನ ನೋಡತಿರತೈತಿ. ಮುಖ ಇಟ್ಕೊಳ್ಳೂದಿಲ್ಲ. ಭುಜ, ಮೊಣಕೈ, ಮಣಿಕಟ್ಟು, ಸೊಂಟ ಇಲ್ಲೆಲ್ಲಾ ಚುಕ್ಕಿ ಇಟ್ಟು ಗೆರಿ ಎಳೆದು ನಮಗ ಕಳಸತೈತಿ."

"ರಂಗೋಲಿ ಹಂಗ?"

"ಹೂಂ ಕಾಕಾ, ರಂಗೋಲಿ ಹಂಗ. ಎರಡೂ ಮನಿಗೆ ಒಯ್ದು ದಿನಾ ನಲವತ್ತು ಹಕ್ಕಿ ಹಾರಸಬೇಕು. ಒಂದೂ ಉಳೀಬಾರದು. ನೀವು ಸುಧಾರಿಸಿದಂಗೆಲ್ಲಾ ಅವು ಮ್ಯಾಲ ಮ್ಯಾಲ ಕೂಡತಾವು."

ರೋಜಾ ಇಷ್ಟನ್ನು ಬಹಳ ಸ್ಪಷ್ಟವಾಗಿಯೇ ಹೇಳಿದಳು. ತಪ್ಪು ಅವಳದಲ್ಲ. ತಪ್ಪು ಮಗ್ಗದ್ದು.

ಮಗ್ಗದ ಮನೆಗೆ ಕೆಲಸ ಬರುವ ರೀತಿಯೇ ಬೇರೆ. ಹತ್ತು ಸೀರೆ ಬೇಕು ಎಂದು ಹೇಳಿ ಹೋದರೆ ಹತ್ತೂ ಕಲ್ಲಣ್ಣನ ಹೆಸರಿಗೇ. ಆದರೆ ನೂಲನ್ನು ಲಾಳಿಯೊಳಗಿನ ಕಂಡಿಕೆಗೆ ಸುತ್ತುವವಳು ಬನಶಂಕರೆವ್ವ. ಮಗ್ಗದ ಉದ್ದಕ್ಕೆ ಹಾಸಿನ ಎಳೆ ಕೂಡಿಸುವಾಗ ಅಕ್ಕಪಕ್ಕದ ಮನೆಯವರೂ ಬಂದು ಕೂಡುತ್ತಾರೆ. ಕೆಲಸ ಮನೆಗೆ ಬರುತ್ತದೆ, ಹೆಸರು ಯಜಮಾನನದು ಇರುತ್ತದೆ, ಮುಗಿಸುವವರು ಎಲ್ಲರೂ. ಮೂರು ತಲೆಮಾರು ಹಾಗೆ ಬಾಳಿದ ಮನೆಗೆ ಈಗ ದಿನಕ್ಕೆ ನಲವತ್ತು ಬೆಳ್ಳಕ್ಕಿಯ ಕೆಲಸ ಬಂದಿತ್ತು.

ಮೊದಲ ದಿನ ಕಲ್ಲಣ್ಣ ಮಗ್ಗದ ಪಕ್ಕ ನಿಂತು ಎಂಟು ಹಕ್ಕಿ ಹಾರಿಸಿದ. ಎಂಟನೆಯದು ಹಾರುವಾಗ ಅವನ ಕಣ್ಣಲ್ಲಿ ನೀರು ಬಂತು. ಒಂಬತ್ತನೆಯದರ ಎದುರು ಕೈ ಕಟ್ಟಿ ನಿಂತುಬಿಟ್ಟ.

"ಎಷ್ಟು ಉಳದಾವು?" ಎಂದಳು ಬನಶಂಕರೆವ್ವ.

"ಮೂವತ್ತೆರಡು."

ಅವಳು ಸೆರಗಿಗೆ ಕೈ ಒರೆಸಿಕೊಂಡಳು. "ಕೊಡ್ರಿ ಇಲ್ಲೆ. ರೊಟ್ಟಿ ಹಿಟ್ಟು ಆಮ್ಯಾಲ ನಾದತೀನಿ."

ಕನ್ನಡಕ ಹಾಕಿಕೊಂಡು ಅವಳು ಅಲುಗಾಡದೆ ನಿಂತಳು. ದಿನವೂ ಅವಳು ಗುಡಿಸಿ ಒರೆಸುವ ಅದೇ ಖೋಲಿ. ಮಗ್ಗದ ಮೇಲಿನ ಹಸಿರು ಸೀರೆ ಮಳೆ ಹಿಡಿದ ಹೊಲದಂತೆ ಹರಡಿಕೊಂಡಿತ್ತು. ಅದರ ಮೇಲೆ ಬೆಳ್ಳಕ್ಕಿಗಳು ಸಾಲಾಗಿ ನಿಂತಿದ್ದವು. ಹಾಸಿನ ಎಳೆಗಳು ಗೋಡೆಯವರೆಗೆ ಹೋಗಿ ಅಲ್ಲಿ ನಿಲ್ಲದೆ, ಗೋಡೆ ದಾಟಿ, ಬಿಂಕದಕಟ್ಟಿಯ ಗುಡ್ಡದವರೆಗೂ ಹಾಸಿಕೊಂಡಂತೆ ಅವಳಿಗೆ ತೋರಿತು. ಒಲೆಯ ಮೇಲೆ ಪಲ್ಯ ತಳ ಹಿಡಿಯುವ ವಾಸನೆ ಬರುವವರೆಗೂ ಅವಳು ಎಲ್ಲಿದ್ದಳೋ, ಹೇಳಲು ಬರುವುದಿಲ್ಲ. ಅಷ್ಟರಲ್ಲಿ ಹನ್ನೆರಡು ಹಾರಿದ್ದವು.

"ಏನ್ ನಡಿಸೀರಿ ಇಲ್ಲೆ? ಗಾಳಿಗೆ ಯಾಕ ಹೊಡ್ಯಾಕತ್ತೀ ವೈನಿ?" ಎಂದು ರಹಮಾನಸಾಬ ಬಾಗಿಲಲ್ಲಿ ನಿಂತಿದ್ದ. ಸಂಗತಿ ಕೇಳಿದ ಮೇಲೆ ಅವನಿಗೆ ಸಿಟ್ಟೇ ಬಂತು. "ಲೇ ಕಲ್ಲಣ್ಣಾ, ಇಪ್ಪತ್ತು ಹಕ್ಕಿ ಉಳದಾವು, ಪಕ್ಕದ ಮನ್ಯಾಗ ನಾ ಇದ್ದೀನಿ, ಒಂದು ಮಾತು ಕೂಗಬಾರದೇನಲೇ? ನಾ ಸತ್ತೀನಿ ಅಂತ ತಿಳಕೊಂಡಿಯೇನು?"

ಆರಡಿ ಆಳು. ನಲವತ್ತು ವರ್ಷ ಹತ್ತಿ ಬಡಿದ ತೋಳು. ಹತ್ತು ಹಕ್ಕಿಯನ್ನು ಅವನು ಹತ್ತು ಉಸಿರಿನಲ್ಲಿ ಹಾರಿಸಿದ. ಉಳಿದ ಹತ್ತಕ್ಕೆ ಅವನ ಹೆಂಡತಿ ಸುಗ್ರಾಬಿ ಬಂದಳು. ಅವಳು ನಾಲ್ಕೂಮುಕ್ಕಾಲಡಿ, ಮೇಲಾಗಿ ಎಡಚಿ. ಒಂದೊಂದು ಹಕ್ಕಿಯ ಹತ್ತಿರ ಹೋಗಿ, "ಹೋಗಿ ಬಾರವ್ವಾ" ಎಂದು ಬೀಳ್ಕೊಟ್ಟು ಮುಟ್ಟಿದಳು. ಅವಳ ಹತ್ತಕ್ಕೆ ಉಳಿದವರ ಮೂವತ್ತಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು.

ಹೀಗೆ ದಿನವೂ ನಲವತ್ತು ತಪ್ಪದೆ ಮುಗಿಯತೊಡಗಿದವು. ಮಧ್ಯಾಹ್ನದ ಊಟವಾದ ಮೇಲೆ ಓಣಿ ತೂಕಡಿಸುವ ಹೊತ್ತಿನಲ್ಲಿ ನಾಲ್ವರೂ ಮಗ್ಗದ ಖೋಲಿಯಲ್ಲಿ ಕೂಡುತ್ತಿದ್ದರು. ಕನ್ನಡಕ ಹಾಕದವರು ಹಾಕಿದವರ ಮುಖ ನೋಡುತ್ತ ಕೂಡುವರು; ಆ ಮುಖದಲ್ಲಿ ಹಕ್ಕಿ ಹಾರುವುದು ಕಾಣುತ್ತಿತ್ತು.

ನಾಲ್ಕನೇ ದಿನ ಕಲ್ಲಣ್ಣ ಕನ್ನಡಕ ಹಾಕಿಕೊಂಡು ನೋಡಿದರೆ ಹಸಿರು ಸೀರೆಯ ಮೇಲೆ ಒಂದೂ ಹಕ್ಕಿ ಇರಲಿಲ್ಲ. ಎಲ್ಲವೂ ಮೇಲೆ ಜಂತಿಯ ಮಟ್ಟದಲ್ಲಿ ಕೂತಿದ್ದವು. ರಹಮಾನಸಾಬನ ತೋಳನ್ನು ಕಲ್ಲಣ್ಣನ ತೋಳೆಂದೇ ನಂಬಿದ ಆ ಯಂತ್ರ, ಪೇಶಂಟು ಸುಧಾರಿಸಿದನೆಂದು ಸಂತೋಷಪಟ್ಟು, ಹಕ್ಕಿಗಳನ್ನು ಒಂದೇ ಏಟಿಗೆ ಮೇಲೆ ಹತ್ತಿಸಿತ್ತು. ಕಲ್ಲಣ್ಣ ಕೈ ಎತ್ತಿದ. ಕೈ ಎದೆಯ ಹತ್ತಿರ ಬಂದು ನಿಂತಿತು. ಹಕ್ಕಿಗಳು ಅಲ್ಲಿಂದಲೇ ಅವನನ್ನು ನೋಡಿದವು.

"ಇವು ನನ್ನ ಮ್ಯಾಲ ಸಿಟ್ಟಾಗ್ಯಾವು," ಎಂದ ಮೆಲ್ಲಗೆ.

ಸ್ಟೂಲು ತಂದು ಹತ್ತಿ ನಿಂತ. ಹಕ್ಕಿಗಳು ಕೂಡುವುದು ಕನ್ನಡಕ ಹಾಕಿಕೊಂಡವರ ತಲೆಯ ಅಳತೆಗೆ; ಅವನು ಹತ್ತಿದಷ್ಟೇ ಅವೂ ಹತ್ತಿದವು. ರಹಮಾನಸಾಬ ಸ್ಟೂಲು ಹಿಡಿದ, ಸುಗ್ರಾಬಿ ರಹಮಾನಸಾಬನನ್ನು ಹಿಡಿದಳು, ಬನಶಂಕರೆವ್ವ ಯಾರನ್ನು ಹಿಡಿಯಬೇಕು ತಿಳಿಯದೆ ಮೊಬೈಲಿನ ಕಾಲನ್ನು ಹಿಡಿದಳು. ಕಲ್ಲಣ್ಣನಿಗೆ ಒಂದೂ ಸಿಗಲಿಲ್ಲ.

"ಹೋಗಲಿ ಬಿಡಲೇ, ನಲವತ್ತೂ ನಾವ ಮುಗಸತೀವಿ. ನೀ ಕುಂಡ್ರು," ಎಂದ ರಹಮಾನಸಾಬ.

ಅಂದಿನಿಂದ ಕಲ್ಲಣ್ಣ ಮಗ್ಗದ ಅಂಚಿಗೆ ಕೂತು ತನ್ನ ವ್ಯಾಯಾಮವನ್ನು ನೋಡತೊಡಗಿದ. ಪ್ರತಿ ಸಂಜೆ ಒಂದು ಸಲ, ಎಳೆದು ಲಾಳಿ ಓಡಿಸುವ ಹಗ್ಗಕ್ಕೆ ಕೈ ಹಾಕಿ ನೋಡುತ್ತಿದ್ದ. ಕೈ ಹಗ್ಗದವರೆಗೆ ಹೋಗುತ್ತಿರಲಿಲ್ಲ. ದಿನ ಕಳೆಯುತ್ತಿದ್ದವು, ಸೀರೆ ಒಂದು ಎಳೆಯೂ ಬೆಳೆದಿರಲಿಲ್ಲ. ಇಷ್ಟು ಮಂದಿ ಇಷ್ಟು ಚೆನ್ನಾಗಿ ವ್ಯಾಯಾಮ ಮಾಡಿದರೂ ತನ್ನ ಭುಜ ಯಾಕೆ ಒಪ್ಪುತ್ತಿಲ್ಲ ಎಂಬುದು ಅವನಿಗೆ ನಿಜಕ್ಕೂ ತಿಳಿಯಲಿಲ್ಲ.

ಇತ್ತ ದವಾಖಾನೆಯಲ್ಲಿ ರೋಜಾ ಹತ್ತು ದಿನದ ಗೆರೆಚಿತ್ರಗಳನ್ನು ಒಟ್ಟಿಗೆ ತೆರೆದು, ನೋಡಿ, ಕಣ್ಣುಜ್ಜಿಕೊಂಡು, ಮತ್ತೆ ನೋಡಿ, ಹಿರಿಯ ಡಾಕ್ಟರು ಸೋಮೇಶರನ್ನು ಕರೆದಳು.

"ಸರ್, ಈ ಪೇಶಂಟು ಎಂಟನೇ ಹಕ್ಕಿ ತನಕ ಬರೋಬ್ಬರಿ ಇದ್ದಾರ್ರಿ. ಒಂಬತ್ತನೇದಕ್ಕ ಐದು ಇಂಚು ಗಿಡ್ಡ ಆಗತಾರ."

"ಬಗ್ಗಿರಬೇಕು."

"ಇಪ್ಪತ್ತೊಂದನೇದಕ್ಕ ಆರಡಿ ಆಗತಾರ್ರಿ."

ಡಾಕ್ಟರು ಚಹಾದ ಕಪ್ಪು ಕೆಳಗಿಟ್ಟರು.

"ಮೂವತ್ತೊಂದಕ್ಕ ನಾಲ್ಕೂಮುಕ್ಕಾಲು. ಕೈನೂ ಬದಲಾಗತೈತಿ, ಎಡಗೈ. ಮತ್ತ ಪ್ರತಿ ಹಕ್ಕಿ ಮುಂದ ನಿಂತು ಏನೋ ಮಾತಾಡಿದಂಗ ತಲಿ ಅಲಗ್ಯಾಡಸತಾರ. ದಿನಾ ಹಿಂಗ ಐತ್ರಿ. ನಾಲ್ಕನೇ ದಿನದಿಂದ ಬರೋಬ್ಬರಿ ಇದ್ದವರು ಕಾಣಸೂದ ಇಲ್ಲ."

ಸೋಮೇಶ ಡಾಕ್ಟರು ಮೂವತ್ತು ವರ್ಷದ ಅನುಭವವಿದ್ದವರು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಹೇಳುವುದು ಅವರಿಗೆ ರೂಢಿ ತಪ್ಪಿತ್ತು. ಬೆನ್ನೆಲುಬಿನ ಮೇಲೆ ಸ್ವಲ್ಪ ಹೊತ್ತು ಮಾತಾಡಿದರು. ಮೆದುಳಿನ ಎರಡು ಭಾಗಗಳ ಮೇಲೆ ಇನ್ನೂ ಸ್ವಲ್ಪ ಹೊತ್ತು ಮಾತಾಡಿದರು. ಇಂಥದ್ದು ಪ್ರಪಂಚದಲ್ಲಿ ಇನ್ನೂ ಯಾರೂ ಕಂಡಿರಲಾರರು ಎಂದರು. ಅದು ಮಾತ್ರ ನಿಜವಿತ್ತು. ಮುನ್ಸೂಚನೆ ಕೊಡದೆ ಹೋಗಿ ನೋಡಬೇಕೆಂದು ತೀರ್ಮಾನವಾಯಿತು. ಡಾಕ್ಟರು ಅಳತೆಯ ಟೇಪು ತೆಗೆದುಕೊಂಡರು.

ಅವರು ಬಂದಾಗ ಮಧ್ಯಾಹ್ನ ಮೂರು. ಕನ್ನಡಕ ಸುಗ್ರಾಬಿಯ ಮುಖದ ಮೇಲಿತ್ತು. ಬನಶಂಕರೆವ್ವ ಸರದಿ ಮುಗಿಸಿ ಬೆವರು ಒರೆಸಿಕೊಳ್ಳುತ್ತಿದ್ದಳು. ರಹಮಾನಸಾಬ ತೋಳು ತಿರುಗಿಸುತ್ತ, "ಇವತ್ತ ಭಾಳ ಮ್ಯಾಲ ಕುಂತಿದ್ದುವು ಬಿಡವಾ," ಎನ್ನುತ್ತಿದ್ದ. ಪೇಶಂಟು ಎಲ್ಲರಿಗೂ ಚಹಾ ಸೋಸುತ್ತಿದ್ದ, ಎಡಗೈಯಿಂದ.

ಡಾಕ್ಟರು ನಾಲ್ವರನ್ನೂ ಒಬ್ಬೊಬ್ಬರನ್ನಾಗಿ ನೋಡಿದರು. ಗಿಡ್ಡ, ಆರಡಿ, ನಾಲ್ಕೂಮುಕ್ಕಾಲು. ಟೇಪನ್ನು ಜೇಬಿನಲ್ಲೇ ಬಿಟ್ಟರು. ಪ್ರಪಂಚ ಕಾಣದ ರೋಗವೊಂದು ಅವರ ಕಣ್ಣೆದುರೇ ಗುಣವಾಗಿಹೋಯಿತು.

"ಕಾಕಾ," ಎಂದಳು ರೋಜಾ, "ಹಕ್ಕಿ ಹಾರಸು ಅಂತ ಹೇಳಿದ್ದು ಯಾರಿಗೆ?"

"ನನಗರಿ. ನನ್ನ ಹೆಸರಿಗೆ ಹಾರಾಕತ್ತಾವಲ್ಲರಿ! ಒಂದ ದಿನ ಮೂವತ್ತೊಂಬತ್ತು ಆಗಿಲ್ಲ. ಬೇಕಾದ್ರ ನಿಮ್ಮ ಮಷಿನ್ನ ಕೇಳ್ರಿ."

"ನಾವು ಏನರೆ ತಪ್ಪು ಮಾಡಿದ್ವೇನ್ರಿ?" ಎಂದ ರಹಮಾನಸಾಬ. "ಮುಖ ಇಟ್ಕೊಳ್ಳೂದಿಲ್ಲ ಅಂತ ನೀವ ಹೇಳೀರಂತಲ್ಲ. ಮುಖ ಬ್ಯಾಡ ಅಂದ ಮ್ಯಾಲ ಯಾರು ನಿಂತ್ರ ಏನು ಅಂತ..."

ರೋಜಾಗೆ ನಗು ಬಂತು. ಕಲ್ಲಣ್ಣನ ಮುಖ ನೋಡಿದ ಮೇಲೆ ಬಂದ ನಗು ನಿಂತಿತು. ಬೈಯಲು ಬಂದಿದ್ದ ಮಾತನ್ನು ಎಲ್ಲಿಯೋ ಇಟ್ಟುಬಿಟ್ಟು ಅವಳು ನೆಲದ ಮೇಲೆ ಕೂತಳು. ಈ ಕೈಯಿಂದ ನಿಮಗೆ ಆಗಬೇಕಾದ ಕೆಲಸ ಯಾವುದು ಎಂದು ಕೇಳಿದಳು. ಹತ್ತು ದಿನದಲ್ಲಿ ಅದನ್ನು ಯಾರೂ ಕೇಳಿರಲಿಲ್ಲ.

ಕಲ್ಲಣ್ಣ ಸೀರೆ ತೋರಿಸಿದ. ಕುಬಸದ ದಿನ ಹೇಳಿದ. ಹದಿನಾಲ್ಕು ದಿನ ಉಳಿದಿದ್ದವು.

"ಬ್ಯಾರೆಯವರು ನೇದು ಮುಗಸೂದಿಲ್ಲೇನು?"

"ಹೆಂಗ ಮುಗಸತಾರ? ಕಂಡಿಕಿ ಯಾರರೆ ಸುತ್ತಲಿ. ಹೊಡತ ಒಬ್ಬಂದ ಇರಬೇಕು."

"ಈ ಹಕ್ಕಿನೂ ಹೊಡತನ ಕಾಕಾ," ಎಂದಳು ರೋಜಾ. "ಕಂಡಿಕಿ ಅಲ್ಲ."

ಸುಗ್ರಾಬಿ ಕನ್ನಡಕ ತೆಗೆದು, ಸೆರಗಿನಿಂದ ಒರೆಸಿ, ಕಲ್ಲಣ್ಣನ ಕೈಗೆ ಕೊಟ್ಟಳು. "ನಂದು ಇನ್ನ ಎಂಟು ಉಳದಾವು ಅಣ್ಣಾ. ತಪ್ಪು ತಿಳೀಬ್ಯಾಡ," ಎಂದಳು.

ರೋಜಾ ಹಳೆಯ ಲೆಕ್ಕವನ್ನೆಲ್ಲ ಅಳಿಸಿದಳು. ಕಲ್ಲಣ್ಣನನ್ನು ನೇಕಾರ ಕಾಲು ಇಳಿಬಿಟ್ಟು ಕೂಡುವ ಮಗ್ಗದ ಕುಣಿಯಲ್ಲಿ ಕೂಡಿಸಿ, ಲಾಳಿಯ ಹಗ್ಗ ಎಷ್ಟು ಎತ್ತರಕ್ಕಿದೆ, ಕೈ ಎಲ್ಲಿಂದ ಎಲ್ಲಿಗೆ ಹೋಗಬೇಕು ಎಂದು ಡಾಕ್ಟರ ಟೇಪಿನಿಂದ ಅಳೆದಳು. ಅಷ್ಟು ದೂರ ಬಂದ ಟೇಪಿಗೆ ಕೊನೆಗೂ ಒಂದು ಕೆಲಸ ಸಿಕ್ಕಿತು. "ನಿಮಗ ಮುಗಿಲು ಮುಟ್ಟೂದು ಬ್ಯಾಡ. ಇಲ್ಲಿಂದ ಇಲ್ಲಿಗೆ ಸಾಕು," ಎಂದು ಹಕ್ಕಿಗಳನ್ನೆಲ್ಲ ಕೆಳಗಿಳಿಸಿದಳು. ಕಲ್ಲಣ್ಣ ಕನ್ನಡಕ ಹಾಕಿಕೊಂಡ. ಒಂದು ಬೆಳ್ಳಕ್ಕಿ ಅವನ ತೊಡೆಯ ಮೇಲೇ ಬಂದು ಕೂತಿತ್ತು. ತೂಕವೇ ಇಲ್ಲದ ಆ ಹಕ್ಕಿಯ ತೂಕ ಅವನಿಗೆ ತಿಳಿದಂತಾಯಿತು.

ಆಮೇಲಿನ ಮಧ್ಯಾಹ್ನಗಳು ನಿಧಾನವಾಗಿ ಹರಿದವು. ಕಲ್ಲಣ್ಣನೊಬ್ಬನೇ ಹಾರಿಸುತ್ತಿದ್ದ. ಹಾರಿಸಿ, ನರಳಿ, ಕಣ್ಣು ಮುಚ್ಚಿ ಕೂತು, ಮತ್ತೊಂದು ಹಾರಿಸುತ್ತಿದ್ದ. ಉಳಿದ ಮೂವರು ಗೋಡೆಗೊರಗಿ ಕೂತು ಎಣಿಸುವರು. ಕೈ ಎತ್ತಬಾರದೆಂದು ರೋಜಾ ಅವರಿಗೆ ಕಟ್ಟುನಿಟ್ಟಾಗಿ ಹೇಳಿದ್ದಳು. ಆದರೂ ಕಲ್ಲಣ್ಣನ ತೋಳು ನಡುಗುತ್ತ ಏರುವಾಗ ಇಬ್ಬರ ಬಲಗೈಗಳೂ, ಸುಗ್ರಾಬಿಯ ಎಡಗೈಯೂ, ತಮಗೆ ತಿಳಿಯದಂತೆ ಗೇಣುದ್ದ ಏಳುತ್ತಿದ್ದವು. ಬನಶಂಕರೆವ್ವ ತನ್ನದನ್ನು ಇಳಿಸಿ ಉಳಿದಿಬ್ಬರನ್ನು ನೋಡಿದರೆ ಅವರೂ ಇಳಿಸಿಬಿಡುವರು.

"ನಾ ಏನೂ ಮಾಡಿಲ್ಲ ವೈನಿ. ಬೆನ್ನು ಕೆರಕೊಳ್ಳಾಕ ಎತ್ತಿದ್ದೆ," ಎನ್ನುವನು ರಹಮಾನಸಾಬ.

ಏಳನೇ ದಿನ ಕೈ ಹಗ್ಗಕ್ಕೆ ಮುಟ್ಟಿತು. ಲಾಳಿ ಈ ಬದಿಯಿಂದ ಆ ಬದಿಗೆ ಓಡಿತು. ಆ ಸದ್ದು ಕೇಳಿ ಒಲೆಯ ಮುಂದಿದ್ದ ಬನಶಂಕರೆವ್ವ ಕೈಯಲ್ಲಿದ್ದ ರೊಟ್ಟಿಯನ್ನು ಹಂಚಿನ ಮೇಲೆ ಹಾಕುವುದನ್ನು ಮರೆತು ನಿಂತಳು. ಅಂದು ನಾಲ್ಕು ಬೆರಳಷ್ಟಾಯಿತು. ಮರುದಿನ ಒಂದು ಗೇಣು. ಕುಬಸದ ಹಿಂದಿನ ಸಂಜೆ, ದೀಪ ಹಚ್ಚುವ ಹೊತ್ತಿಗೆ, ಕೊನೆಯ ಎಳೆ ಬಿತ್ತು. ಕಲ್ಲಣ್ಣ ಸೀರೆಯನ್ನು ಮಗ್ಗದಿಂದ ಬಿಡಿಸಿ, ತೊಡೆಯ ಮೇಲೆ ಹರಡಿ, ಬೆರಳಾಡಿಸಿದ. ಬೆರಳು ಒಂದು ಕಡೆ ನಿಂತಿತು. ಮುಖ ಸಣ್ಣದಾಯಿತು.

ಗೆರೆ ಇತ್ತು. ಅಲ್ಲಿಂದ ಮುಂದಿನ ಎರಡು ಗಜ ಸಡಿಲವಾಗಿತ್ತು. ಕೈ ಅವನದೇ, ಹೊಡೆತ ಮಾತ್ರ ಅವನದಾಗಿರಲಿಲ್ಲ. ಆದರೆ ಬುತ್ತಿ ಕಟ್ಟಿಯಾಗಿತ್ತು. ಬೆಳಗಿನ ಬಸ್ಸಿಗೆ ಹೊರಡಬೇಕಿತ್ತು.

ಮುಂಡರಗಿಯ ಬೀಗರ ಮನೆಯಲ್ಲಿ ಪಡಸಾಲೆ ತುಂಬ ಹೆಂಗಸರು. ಕಲ್ಪನಾ ಕೈ ತುಂಬ ಹಸಿರು ಬಳೆ ತೊಟ್ಟು, ಅಪ್ಪ ನೇಯ್ದ ಸೀರೆ ಉಟ್ಟು ಬಂದು ನಿಂತಾಗ ಕಲ್ಲಣ್ಣ ಒಂದು ಕಂಬದ ಹಿಂದೆ ಅರ್ಧ ಮರೆಯಾಗಿದ್ದ. ಕಂಬ ಸಣ್ಣದಿತ್ತು. ರಹಮಾನಸಾಬ ಉಳಿದರ್ಧಕ್ಕೆ ಅಡ್ಡ ನಿಂತ.

ಬೀಗತಿ ಸಾವಿತ್ರೆವ್ವನ ಬೆರಳಿನ ಬಗ್ಗೆ ಮುಂಡರಗಿಯ ಜವಳಿ ಅಂಗಡಿಯವರಿಗೆಲ್ಲ ಗೊತ್ತಿತ್ತು. ಅವಳು ಮೊದಲು ಸೆರಗು ಹಿಡಿದು ನೋಡಿದಳು, ತಲೆಯಾಡಿಸಿದಳು. ಬೆರಳು ಸೀರೆಗುಂಟ ಕೆಳಗೆ ಬಂತು. ಸೊಂಟದ ಹತ್ತಿರ ನಿಂತಿತು.

"ಬೀಗರ," ಎಂದಳು ಗಟ್ಟಿಯಾಗಿ, "ಇಲ್ಲೆ ನೇಯಿಗಿ ಸಡ್ಲ ಆಗೇತಲ್ಲ!"

ಹಾಡು ಹೇಳುತ್ತಿದ್ದವರು ನಿಲ್ಲಿಸಿದರು. ಕಲ್ಲಣ್ಣ ಕಂಬಕ್ಕೆ ಇನ್ನಷ್ಟು ಅಂಟಿಕೊಂಡ.

ಕಲ್ಪನಾ ತನ್ನ ತುಂಬಿದ ಹೊಟ್ಟೆಯ ಸುತ್ತ ಬಳಸಿದ್ದ ಆ ಎರಡು ಗಜದ ಮೇಲೆ ಅಂಗೈ ಇಟ್ಟುಕೊಂಡಳು. "ಸಡ್ಲ ಅಲ್ಲ ಅತ್ತಿ, ಮೆತ್ತಗೈತಿ. ಉಟ್ಟಾಗಿಂದ ಎಲ್ಲೂ ಒತ್ತಾಕತ್ತಿಲ್ಲ. ಬ್ಯಾರೆ ಸೀರಿ ಉಟ್ರ ಕೂಸು ಒಳಗಿಂದ ಒದೀತೈತಿ. ಇವತ್ತ ಸುಮ್ಮನ ಮಲಗೇತಿ."

ಸಾವಿತ್ರೆವ್ವ ಮತ್ತೊಮ್ಮೆ ಹಿಡಿದು ನೋಡಿದಳು. ಈ ಸಲ ಎರಡು ಬೆರಳಿನಿಂದಲ್ಲ, ಇಡೀ ಅಂಗೈಯಿಂದ. "ಖರೆ," ಎಂದಳು. "ಬೀಗರ, ನಮ್ಮ ಸಣ್ಣ ಮಗಳಿಗೆ ಮುಂದಿನ ತಿಂಗಳ ಕುಬಸ ಐತಿ. ನಡುವಿಗೆ ಹಿಂಗ ಸಡ್ಲ ಬಿಟ್ಟು ಒಂದು ನೇದು ಕೊಡ್ರಿ." ಹಿಂದಿನಿಂದ ಇನ್ನೊಬ್ಬಳು ತನಗೂ ಒಂದು ಎಂದಳು.

ನೀರು ಸೋರದ ಸೀರೆಯ ನೇಕಾರನಿಗೆ ಇದಕ್ಕಿಂತ ದೊಡ್ಡ ಅವಮಾನ ಇರಲಾರದು. ಕಲ್ಲಣ್ಣ ಬಾಯಿ ತೆರೆದ. ಆದರೆ ಅಷ್ಟರಲ್ಲಿ ಕಲ್ಪನಾ ಅವನ ಎದುರಿಗೆ ಬಂದು ನಿಂತಿದ್ದಳು. ಕಾಲಿಗೆ ಬೀಳಲು ಬಗ್ಗಲಾಗದೆ ನಗುತ್ತ ನಿಂತಿದ್ದಳು. ಮಗಳು ಅಪ್ಪನಿಗಿಂತ ನಾಲ್ಕು ಬೆರಳು ಎತ್ತರ.

ಕಲ್ಲಣ್ಣ ಬಲಗೈ ಎತ್ತಿದ. ಕೈ ಎದೆ ದಾಟಿತು, ಭುಜ ದಾಟಿತು, ಮಗಳ ತಲೆಯ ಮೇಲೆ ಹೋಗಿ ಕೂತಿತು. ಅವನಿಗೆ ಅದು ಗೊತ್ತೇ ಆಗಲಿಲ್ಲ. ಅವನು ಕಣ್ಣು ಮುಚ್ಚಿ ಏನನ್ನೋ ಹರಸುತ್ತಿದ್ದ.

ರಹಮಾನಸಾಬ ನೋಡಿದ. "ಲೇ ಕಲ್ಲಣ್ಣಾ, ನಿನ್ನ ಕೈ..." ಎಂದು ಶುರುಮಾಡಿದವನ ಬೆನ್ನಿಗೆ ಬನಶಂಕರೆವ್ವ ಗುದ್ದಿದಳು.

"ಸುಮ್ಮನಿರಣ್ಣಾ," ಎಂದಳು ಕಿವಿಯಲ್ಲಿ. "ಹೇಳಿದ್ರ ಇಳಿಸಿಬಿಡತಾರ."